ಮೆಟ್ಟಿಲ ಮೇಲೆ ಕೂತವನು

ದೇವರು ಮನುಷ್ಯನಿಗೆ ನಾಲಿಗೆ ಕೊಟ್ಟದ್ದು ಎರಡು ಕೆಲಸಕ್ಕೆ, ರುಚಿ ನೋಡಲು ಮತ್ತು ನಿಜ ಹೇಳಲು. ಮೊದಲನೆಯದರಲ್ಲಿ ಕೆಟ್ಟವರು ಎರಡನೆಯದರಿಂದ ಸುಧಾರಿಸಬಹುದು ಎಂದು ಬೈಂಡಿಂಗ್ ಅಕ್ಕ ಹೇಳುತ್ತಿದ್ದಳು. ಅವಳೂ ಒಂದು ಕಾಲಕ್ಕೆ ಕುಡಿದು ಕೆಟ್ಟವಳೇ. ಹನ್ನೊಂದು ವರ್ಷದ ಕೆಳಗೆ ಒಂದು ಬೆಳಿಗ್ಗೆ ದೇವರ ಮುಂದೆ ಕೂತು, ಇನ್ನು ಮುಟ್ಟುವುದಿಲ್ಲ ಎಂದು ಹೇಳಿ ಎದ್ದವಳು ಮತ್ತೆ ಮುಟ್ಟಿರಲಿಲ್ಲ.

ಆರು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವಳ ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕುಡಿತ ಬಿಟ್ಟವರ ಸಭೆ ಸೇರುತ್ತಿತ್ತು. ರಟ್ಟಿನ ಕಟ್ಟುಗಳನ್ನು ಗೋಡೆಗೆ ಸರಿಸಿ, ಎರಡು ಬೆಂಚು ಹಾಕಿದರೆ ಹತ್ತು ಜನ ಕೂರಬಹುದು. ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿ ಪ್ರಾರ್ಥನೆ. ಆಮೇಲೆ ಒಬ್ಬೊಬ್ಬರೂ ಎದ್ದು, ಕುಡಿಯದೆ ಎಷ್ಟು ದಿನವಾಯಿತು ಎಂದು ಹೇಳಬೇಕು. ಉಳಿದವರು ಚಪ್ಪಾಳೆ ತಟ್ಟಬೇಕು. ನಡುವೆ ಯಾರಾದರೂ ಕುಡಿದಿದ್ದರೆ ಅವರು ಒಳಗೆ ಬರುವಂತಿಲ್ಲ. ಮುಂದಿನ ಭಾನುವಾರದವರೆಗೆ ಶುದ್ಧವಾಗಿದ್ದು ತೋರಿಸುವ ತನಕ ಬಾಗಿಲಾಚೆಯ ಮೆಟ್ಟಿಲ ಮೇಲೆ ಕೂತು ಕೇಳಬೇಕು.

ಆರು ವರ್ಷದಲ್ಲಿ ಆ ಮೆಟ್ಟಿಲ ಮೇಲೆ ಒಬ್ಬರೂ ಕೂತಿರಲಿಲ್ಲ. ಅದು ದೇವರ ದಯೆ ಎಂದು ಅಕ್ಕ ತಿಳಿದಿದ್ದಳು.

ತಕ್ಕಡಿ ರಿಪೇರಿಯವನು ಬಂದಾಗ ಅವನ ಹಣೆಯ ಮೇಲೆ ಇನ್ನೂ ಹೊಲಿಗೆ ಇತ್ತು. ಐವತ್ತು ದಾಟಿದ ಸಣಕಲು ಮನುಷ್ಯ. ಎದ್ದು ನಿಂತು, ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುವವನ ಹಾಗೆ ಎದುರಿನ ಗೋಡೆ ನೋಡಿದ.

"ನಾನು ಬಿಟ್ಟಿಲ್ಲ," ಎಂದ. "ಹೋದ ತಿಂಗಳು ಒಂದೇ ಏಟಿಗೆ ಬಿಟ್ಟಿದ್ದೆ. ಮೂರನೇ ದಿನ ಅಂಗಡೀಲೇ ಫಿಟ್ಸ್ ಬಂದು ಬಿದ್ದೆ. ಹೀಗೆ ಬಿಟ್ರೆ ಜೀವಕ್ಕೇ ಬರುತ್ತೆ ಅಂದ್ರು ಡಾಕ್ಟ್ರು. ಮಾತ್ರೆ ಕೊಟ್ಟಿದ್ದಾರೆ. ಅವರು ಹೇಳಿದ ಅಳತೆ ಪ್ರಕಾರ ದಿನಾ ಇಳಿಸ್ಕೊಂಡು ಬರಬೇಕು. ಒಬ್ಬನೇ ಇದ್ರೆ ಆಗಲ್ಲ, ನಾಲ್ಕು ಜನರ ಜೊತೆ ಇರು, ಗುಂಪಿಗೆ ಸೇರು ಅಂದ್ರು. ಈ ಊರಲ್ಲಿ ಇರೋದು ಇದೊಂದೇ ಗುಂಪು. ಅದಕ್ಕೇ ಬಂದೆ."

"ಅಂದ್ರೆ ಈಗಲೂ ಕುಡೀತಿದ್ದೀಯ?" ಎಂದು ಕೇಳಿದವನು ಶಾಲೆಯ ವ್ಯಾನಿನ ಡ್ರೈವರ್. ಸಭೆಯಲ್ಲಿ ಅವನದೇ ದೊಡ್ಡ ಗಂಟಲು.

"ಕುಡೀತಿದ್ದೀನಿ. ಬೆಳಿಗ್ಗೇದು ಕಮ್ಮಿ ಮಾಡಿದ್ದೀನಿ."

"ಭೇಷ್! ಹಾವೂ ಸಾಯಬಾರದು, ಕೋಲೂ ಮುರೀಬಾರದು. ಅಕ್ಕಾ, ಇವರಿಗೊಂದು ಲೋಟ ತಂದಿಡಿ, ಇಲ್ಲೇ ಇಳಿಸ್ಲಿ."

ಬೆಂಚು ನಕ್ಕಿತು. ಅಕ್ಕ ನಗಲಿಲ್ಲ. "ನೋಡಪ್ಪಾ, ದೇವರ ಹತ್ರ ಚೌಕಾಸಿ ಮಾಡಬಾರದು. ಬಿಡ್ತೀನಿ ಅಂತ ಒಂದು ಮಾತು ಹೇಳು, ಒಳಗೆ ಕೂರು."

"ಹೇಳಬಹುದು ಅಕ್ಕಾ. ಇವತ್ತು ಸಂಜೆಗೇ ಅದು ಸುಳ್ಳಾಗುತ್ತೆ."

"ಹಾಗಾದ್ರೆ ನಿಯಮ ನಿಯಮವೇ."

ಅವನು ತಲೆಯಾಡಿಸಿ ಹೊರಗೆ ಹೋದ. ಮನೆಗೆ ಹೋದನೆಂದು ಎಲ್ಲರೂ ಅಂದುಕೊಂಡರು. ಗಾರೆ ಕೆಲಸದವನು ಎದ್ದು ತನ್ನ ಸಾವಿರದ ನಾನೂರ ಎಂಟು ದಿನ ಹೇಳಿ, ಚಪ್ಪಾಳೆಯೆಲ್ಲ ಮುಗಿದ ಮೇಲೆ ಬಾಗಿಲಾಚೆಯಿಂದ ಇನ್ನೊಂದು ಚಪ್ಪಾಳೆ ಕೇಳಿಸಿತು. ತಕ್ಕಡಿಯವನು ಮೆಟ್ಟಿಲ ಮೇಲೆ ಕೂತಿದ್ದ.

ಮುಂದಿನ ಭಾನುವಾರವೂ ಬಂದು ಅಲ್ಲೇ ಕೂತ. ಕೊನೆಯಲ್ಲಿ, ಯಾರೂ ಕೇಳದಿದ್ದರೂ ತನ್ನ ವಾರದ ವರದಿ ಒಪ್ಪಿಸಿದ. ಸ್ಟೀಲಿನ ಲೋಟದ ಒಳಬದಿಗೆ, ಕುಡಿಯುವ ಅಳತೆಗೆಂದು ಅರದಿಂದ ಗೀರು ಹಾಕಿಕೊಂಡಿದ್ದನಂತೆ. ಈ ವಾರ ಗೀರು ಒಂದು ಬೆರಳು ಕೆಳಗೆ ಇಳಿದಿದೆ, ಬೆಳಿಗ್ಗೆಯದು ಪೂರ್ತಿ ನಿಂತಿದೆ ಎಂದ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

"ಊರಿಗೆಲ್ಲ ಡಂಗುರ ಹೊಡೀತಾನಲ್ಲ ಮಾರಾಯ," ಎಂದ ಗಾರೆಯವನು.

"ಲೋಟದಲ್ಲಿ ಗೀರು, ನಾಲಿಗೇಲಿ ನೀರು," ಎಂದ ಡ್ರೈವರ್.

ಆ ಸಲ ಅವನನ್ನು ಕರೆದೊಯ್ಯಲು ಹೆಂಡತಿ ಬಂದಿದ್ದಳು. ಬಾಟಲಿ ಇರುವ ಕಪಾಟಿನ ಬೀಗದ ಕೈ ಅವಳ ಸೆರಗಿನ ತುದಿಯಲ್ಲಿ ಇರುತ್ತಿತ್ತು. ಗೀರಿನವರೆಗೆ ಸುರಿದು ಕೊಡುವವಳೂ ಅವಳೇ. ಗಂಡ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಅವಳು ಅಕ್ಕನ ಹತ್ತಿರ ಬಂದಳು.

"ಅಕ್ಕಾ, ಜಗಳಕ್ಕೆ ಬಂದಿಲ್ಲ. ಒಂದು ಮಾತು ಹೇಳ್ತೀನಿ. ನಮ್ಮನೆಯವರಿಗೆ ಸುಳ್ಳು ಹೇಳೋಕೆ ಬರಲ್ಲ. ಬಂದಿದ್ರೆ ಮೊದಲನೇ ದಿನವೇ ನಿಮ್ಮ ಬೆಂಚಿನ ಮೇಲೆ ಕೂರ್ತಿದ್ರು."

"ನಿಯಮ ನಾನೊಬ್ಬಳೇ ಮಾಡಿದ್ದಲ್ಲಮ್ಮ."

"ಇರಲಿ. ಇವರಿಗಿಂತ ಮುಂಚೆ ಈ ಮೆಟ್ಟಿಲ ಮೇಲೆ ಎಷ್ಟು ಜನ ಕೂತಿದ್ರು?"

"ಯಾರೂ ಇಲ್ಲ."

"ಆರು ವರ್ಷದಲ್ಲಿ ಯಾರೂ ಎಡವಲೇ ಇಲ್ವಾ?"

ಅವರು ಹೋದ ಮೇಲೆ ಬೆಂಚು ಎತ್ತಿಡುತ್ತ ಅಕ್ಕ ನೆನಪು ಮಾಡಿಕೊಂಡಳು. ಕೆಲವು ವಾರ ಬಂದು ಆಮೇಲೆ ಬರುವುದನ್ನು ನಿಲ್ಲಿಸಿದವರಲ್ಲಿ ನಲ್ಲಿ ರಿಪೇರಿಯವನಿದ್ದ, ಆಸ್ಪತ್ರೆಯ ಆಯಾ ಇದ್ದಳು, ಇಬ್ಬರು ಅಣ್ಣತಮ್ಮಂದಿರಿದ್ದರು, ಹೆಸರೂ ಹೇಳದೆ ಮೂರು ವಾರ ಬಂದ ಒಬ್ಬ ಮುದುಕನಿದ್ದ. ಗುಣವಾಯಿತು, ಇನ್ನು ನಮ್ಮ ಹಂಗು ಬೇಡವಾಯಿತು ಎಂದು ಅವರ ಬಗ್ಗೆ ಅವಳು ಸಂತೋಷಪಟ್ಟಿದ್ದಳು. ಈಗ ಯೋಚಿಸಿದರೆ, ನಲ್ಲಿಯವನು ದಾರಿಯಲ್ಲಿ ಅವಳನ್ನು ಕಂಡು ಎರಡು ಸಲ ಗಲ್ಲಿಗೆ ತಿರುಗಿದ್ದ. ಎಡವಿದವರು ಮೆಟ್ಟಿಲ ಬಳಿ ಬಂದೇ ಇರಲಿಲ್ಲ. ಬೀದಿಯನ್ನೇ ಬದಲಿಸಿದ್ದರು. ಮೆಟ್ಟಿಲು ಖಾಲಿ ಇದ್ದುದಕ್ಕೆ ಅವಳು ದೇವರಿಗೆ ಕೈಮುಗಿಯುತ್ತ ಬಂದಿದ್ದಳು. ದೇವರು ಅದನ್ನು ಹೇಗೆ ಸಹಿಸಿಕೊಂಡನೋ ಎಂದು ಅವಳಿಗೆ ಮೊದಲ ಬಾರಿ ಅನಿಸಿತು.

ಆದರೂ ನಿಯಮವನ್ನು ಮುರಿಯಲು ಕೈ ಬರಲಿಲ್ಲ. ಬೆಂಚಿನ ಮೇಲೆ ಕೂತವರು ಹಲ್ಲು ಕಚ್ಚಿ ಕೂತವರು. ಕುಡಿಯುವವನನ್ನು ಅವರ ನಡುವೆ ತಂದು ಕೂರಿಸಿ ಅವರಲ್ಲಿ ಒಬ್ಬ ಜಾರಿದರೆ? ಮೂರನೆಯ ಭಾನುವಾರವೂ ತಕ್ಕಡಿಯವನು ಹೊರಗೇ ಕೂತ.

ನಾಲ್ಕನೆಯ ಭಾನುವಾರ ಅವನು ಬರುವ ಹೊತ್ತಿಗೆ ಪ್ರಾರ್ಥನೆ ಮುಗಿದಿತ್ತು. ಮುಖ ಬಾಡಿತ್ತು. ದಿನ ಹೇಳುವುದು ಶುರುವಾಗುವ ಮುಂಚೆಯೇ ಹೊರಗಿನಿಂದ ಹೇಳಿಬಿಟ್ಟ.

"ಅಕ್ಕಾ, ಈ ವಾರ ಇಳಿದಿಲ್ಲ. ಮಂಗಳವಾರ ಗೀರು ದಾಟ್ತು. ಇವಳು ತಂಗಿ ಮನೆಗೆ ಹೋಗಿದ್ಲು, ಬೀಗ ಮುರಿದೆ. ಬುಧವಾರ ಡಾಕ್ಟ್ರ ಹತ್ರ ಹೋಗಿ ಹೇಳಿದೆ. ಮತ್ತೆ ಹಳೇ ಗೀರಿಗೆ ಬಂದಿದ್ದೀನಿ."

ಒಳಗೆ ಯಾರೂ ನಗಲಿಲ್ಲ. ಡ್ರೈವರನೇ ಕೇಳಿದ, ಈ ಸಲ ಗಂಟಲು ತಗ್ಗಿಸಿ.

"ಅಲ್ಲ ಅಣ್ಣಾ, ಹೇಳದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಯಾರಿಗೂ ಇಲ್ಲ."

"ಮತ್ತೆ?"

"ಹೇಗಿದ್ರೂ ಹೊರಗೇ ಕೂತಿದ್ದೀನಲ್ಲಪ್ಪ. ಇನ್ನು ಎಲ್ಲಿಗೆ ಕಳಿಸ್ತಾರೆ?"

ಅಂದು ಎದ್ದು ಹೇಳುವ ಸರದಿ ಡ್ರೈವರನಿಂದ ಶುರುವಾಗಬೇಕಿತ್ತು. ಅವನು ಎದ್ದ. ಇನ್ನೂರ ಹನ್ನೆರಡು ಎಂದು ಹೇಳುತ್ತಾನೆಂದು ಗಾರೆಯವನು ಚಪ್ಪಾಳೆಗೆ ಕೈ ಎತ್ತಿಯೂ ಆಗಿತ್ತು. ಡ್ರೈವರ್ ಬೆಂಚುಗಳ ನಡುವಿನಿಂದ ನುಸುಳಿ, ಬಾಗಿಲು ದಾಟಿ, ತಕ್ಕಡಿಯವನ ಪಕ್ಕದಲ್ಲಿ ಕೂತ.

"ನಂದು ಇನ್ನೂರ ಹನ್ನೆರಡಲ್ಲ," ಎಂದ, ಬೀದಿಯ ಕಡೆ ಮುಖ ಮಾಡಿ. "ನಿನ್ನೆ ಕುಡಿದಿದ್ದೀನಿ. ಮೊನ್ನೆನೂ. ನಲವತ್ತನೇ ದಿನವೇ ಮುಗಿದುಹೋಗಿತ್ತು. ಆಮೇಲೆ ಹೇಳ್ಕೊಂಡು ಬಂದಿದ್ದೆಲ್ಲ ಬರೀ ನಂಬರು. ನೀವು ಚಪ್ಪಾಳೆ ತಟ್ತಿದ್ರಿ."

"ವ್ಯಾನು?" ಎಂದಳು ಅಕ್ಕ. ಹದಿನೆಂಟು ಮಕ್ಕಳನ್ನು ದಿನವೂ ಶಾಲೆಗೆ ಬಿಟ್ಟು ಬರುವವನು ಅವನು.

"ಓಡಿಸಿದ್ದೀನಿ ಅಕ್ಕಾ. ರಾತ್ರಿದು ಬೆಳಿಗ್ಗೆವರೆಗೂ ಇಳಿದಿರಲ್ಲ. ಭಾವಂದು ವ್ಯಾನು. ನಿಮ್ಮ ಸಭೇಲಿ ದಿನ ಎಷ್ಟಾಯ್ತು ಅಂತ ತಿಂಗಳು ತಿಂಗಳು ಕೇಳ್ತಾರೆ. ದಿನ ಇಲ್ಲದಿದ್ರೆ ಕೆಲಸ ಇಲ್ಲ."

ಮೆಟ್ಟಿಲು ಇಬ್ಬರಿಗೆ ಸಾಲದಷ್ಟು ಸಣ್ಣದು. ತಕ್ಕಡಿಯವನು ಒಂದಿಷ್ಟು ಸರಿದು ಅವನಿಗೆ ಜಾಗ ಮಾಡಿಕೊಟ್ಟದ್ದನ್ನು ಅಕ್ಕ ನೋಡಿದಳು. ಮನಸ್ಸಿನಲ್ಲೇ ಒಂದು ಮಾತು ದೇವರಿಗೆ ಹೇಳಿ, ಬಾಗಿಲಿಗೆ ಬಂದಳು.

"ಏಳಿ. ಇಬ್ಬರೂ ಒಳಗೆ ಬನ್ನಿ."

ತಕ್ಕಡಿಯವನು ಏಳಲಿಲ್ಲ. "ಅಕ್ಕಾ, ನಾನು ಇವತ್ತು ಸಂಜೆನೂ ಕುಡೀತೀನಿ, ಡಾಕ್ಟ್ರು ಹೇಳಿದಷ್ಟು. ಗೊತ್ತಿದ್ದೇ ಕರೀತಿದ್ದೀರಾ?"

"ಗೊತ್ತಿದ್ದೇ ಕರೀತಿದ್ದೀನಿ. ಇಳೀತಿರೋನು ಯಾಕೆ ಹೊರಗೆ ಕೂರಬೇಕು?"

ಗಾರೆಯವನು ಎದ್ದು ನಿಂತ. ಮುಖ ಕೆಂಪಾಗಿತ್ತು. "ಹಾಗಾದ್ರೆ ನಾವು ಇಷ್ಟು ವರ್ಷ ಒದ್ದಾಡಿದ್ದು ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತಾ?"

"ನೀನು ಬಿಟ್ಟಿದ್ದು ನಿಂದೇ ಕಣೋ. ಅದನ್ನ ಯಾರು ಕಿತ್ಕೋತಾರೆ? ನಾನೂ ಬಿಟ್ಟಿದ್ದೀನಿ, ಬಿಟ್ಟೇ ಇರ್ತೀನಿ. ಇವರು ತಮ್ಮ ಕೈಲಾದಲ್ಲಿಂದ ಶುರು ಮಾಡ್ಲಿ. ಕುಡಿದು ಬಂದು ಇಲ್ಲಿ ಕೂರೋ ಹಾಗಿಲ್ಲ, ಅಷ್ಟೇ ನಿಯಮ."

ಗಾರೆಯವನು ಕೂತ, ಮತ್ತೆ ಎದ್ದ. "ಸರಿ. ಆದ್ರೆ ನನ್ನ ಪಕ್ಕ ಬೇಡ. ವಾಸನೆ ಬಂದ್ರೆ ನನ್ನೊಳಗಿರೋ ಹಳೇ ನಾಯಿ ಎದ್ದು ಬಾಲ ಅಲ್ಲಾಡಿಸುತ್ತೆ."

"ನಾನು ಕಿಟಕಿ ಹತ್ರ ಕೂರ್ತೀನಿ ಬಿಡಿ," ಎಂದ ತಕ್ಕಡಿಯವನು. ಒಳಗೆ ಬಂದು, ರಟ್ಟಿನ ಕಟ್ಟಿನ ಮೇಲೆ ಕಿಟಕಿಗೆ ಬೆನ್ನು ಕೊಟ್ಟು ಕೂತ.

ಅವನ ಹಿಂದೆಯೇ ಒಳಗೆ ಬಂದ ಡ್ರೈವರನ ವಿಷಯ ಅಷ್ಟು ಸುಲಭವಾಗಿರಲಿಲ್ಲ. ನಾಳೆ ಸೋಮವಾರ. ಅಕ್ಕ ಅವನ ಮುಂದೆ ಫೋನು ಇಟ್ಟಳು. ಅವನು ಭಾವನಿಗೆ ಫೋನು ಮಾಡಿ, ನಾಳೆಯಿಂದ ವ್ಯಾನು ನೀವೇ ತೆಗೆದುಕೊಂಡು ಹೋಗಿ ಎಂದು ಹೇಳಿ, ಯಾಕೆಂದೂ ಹೇಳಿದ. ಆ ಕಡೆಯ ಬೈಗುಳ ಬೆಂಚಿನ ತುದಿಯವರೆಗೂ ಕೇಳಿಸಿತು. ಅಕ್ಕ ಫೋನು ಇಸಿದುಕೊಂಡು, "ಬೈರಿ, ಬೈಯೋದು ನ್ಯಾಯವೇ. ನಿಮ್ಮ ಗೋದಾಮಿನಲ್ಲಿ ಬೇರೆ ಕೆಲಸವಾದ್ರೂ ಕೊಡಿ, ನಾಳೆ ನಾನೇ ಇವನನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ," ಎಂದಳು. ಆ ಕಡೆಯವನು ನೋಡೋಣ ಎಂದ.

"ನಂಗೂ ಒಂದು ಲೋಟಕ್ಕೆ ಗೀರು ಹಾಕಿಕೊಡ್ತೀರಾ ಅಣ್ಣಾ?" ಎಂದು ಡ್ರೈವರ್ ತಕ್ಕಡಿಯವನನ್ನು ಕೇಳಿದ.

"ಬೇಡಪ್ಪ. ನನ್ನ ಅಳತೆ ನಿಂಗಲ್ಲ. ಮೊದಲು ಡಾಕ್ಟ್ರು ನೋಡ್ಲಿ."

ಎಷ್ಟು ದಿನ ಎಂದು ಕೇಳುವುದು ಅಂದು ಅಕ್ಕನ ಬಾಯಿಗೆ ಬರಲಿಲ್ಲ. ಬದಲಿಗೆ ತಕ್ಕಡಿಯವನ ಕಡೆ ತಿರುಗಿ, "ಮುಂದಿನ ವಾರದಲ್ಲಿ ಯಾವ ದಿನ ಕಷ್ಟ?" ಎಂದಳು.

"ಮಂಗಳವಾರ. ಅಂಗಡಿ ರಜ. ಕೈ ಸುಮ್ಮನೆ ಇರುತ್ತೆ."

"ಮಂಗಳವಾರ ಇಲ್ಲಿಗೆ ಬಾ. ಹಾಳೆ ಮಡಚೋ ಕೆಲಸ ಬೇಕಾದಷ್ಟಿದೆ."

ಆಗ ಗಾರೆಯವನು ನೆಲ ನೋಡುತ್ತ ಹೇಳಿದ. "ನನಗೆ ಶನಿವಾರ."

ಎಲ್ಲರೂ ಅವನ ಕಡೆ ತಿರುಗಿದರು.

"ಕೂಲಿ ಕೊಡೋ ಸಂಜೆ. ಜೊತೆಯವರೆಲ್ಲ ಬಾರ್ ಕಡೆಗೇ ಹೋಗ್ತಾರೆ. ನಾನು ಮರಳಿನ ಗುಡ್ಡೆ ಹಿಂದೆ ಒಬ್ಬನೇ ಕೂತಿರ್ತೀನಿ, ಅವರು ಹೋಗೋ ತನಕ. ನಾಲ್ಕು ವರ್ಷದಿಂದ. ಇಲ್ಲಿ ಯಾರೂ ಇದನ್ನ ಕೇಳಿರಲಿಲ್ಲ."

ಅಕ್ಕ ಬೆಂಚಿನ ತುದಿಯಲ್ಲಿ ಅವನ ಎದುರಿಗೆ ಕೂತಳು.

"ಹೇಳು ತಮ್ಮಾ," ಎಂದಳು. "ಎಷ್ಟು ಗಂಟೆಗೆ ಕೂಲಿ ಕೊಡ್ತಾರೆ?"