ಮೂರನೆಯ ಕಿವಿ

ಚಳಿಗಾಲದಲ್ಲಿ ಕಾಳಿ ನದಿಯ ಮಂಜು ದಾಂಡೇಲಿಯ ಓಣಿಗಳನ್ನು ಹೊಕ್ಕರೆ ಬೇಗ ಎದ್ದು ಹೋಗುವುದಿಲ್ಲ. ಅಂದೂ ಎದುರುಮನೆಯ ಬಾಗಿಲು ಇದ್ದೂ ಇಲ್ಲದಂತೆ ಕಾಣುತ್ತಿತ್ತು. ಶಿವವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕಾಗದದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅವಳ ಗಂಡ ಮಲಕಪ್ಪ ಒಳಕೋಣೆಯಲ್ಲಿ ಮಲಗಿದ್ದ. ಮಗಳು ಶೈಲಶ್ರೀ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ತಟ್ಟೆ ಹಿಡಿದು ನಿಂತೇ ತಿನ್ನುತ್ತಿದ್ದಳು.

"ನೀ ಏನು ಕೆಲಸ ಮಾಡ್ತಿ ಅಂತ ಕೇಳಿದವರಿಗೆ ಹೇಳಾಕ ಬರೂದಿಲ್ಲ ನೋಡು ನನಗ," ಎಂದಳು ಶಿವವ್ವ.

"ಒಂದು ಸಹಾಯವಾಣಿ ಐತೆವ್ವ. ಮನಸಿಗೆ ತ್ರಾಸ ಆದವರು ಅದಕ್ಕ ಫೋನ್ ಹಚ್ಚತಾರ, ಅಲ್ಲಿರೋ ಮೇಡಂ ಕೂಡ ಮಾತಾಡ್ತಾರ. ಆ ಫೋನು ಸರಿಯಾಗಿ ನಡಿಯೂ ಹಂಗ ಕಂಪ್ಯೂಟರ್ ನೋಡ್ಕೊಳ್ಳೂದು ನಮ್ಮ ಕೆಲಸ."

ಶಿವವ್ವನ ಕೈ ಹಿಟ್ಟಿನ ಮೇಲೆಯೇ ನಿಂತಿತು. "ಅವರ ಮಾತು ನೀವು ಕೇಳ್ತೀರೇನು?"

"ನಾವ್ಯಾಕ ಕೇಳೂಣು? ಯಾರೂ ಕೇಳೂದಿಲ್ಲ. ಅವರು ಹೇಳಿದ್ದು ಅವರಿಗೆ, ಆ ಮೇಡಂಗೆ, ಇಬ್ಬರಿಗೇ ಗೊತ್ತು."

"ನಂಬರು ಯಾವುದು?" ಎಂದು ತಾಯಿ ಕೇಳಿದಳು. ಪಕ್ಕದ ಮನೆಯವರಿಗೆ ಬೇಕಾಗಿರಬಹುದೆಂದು ಶೈಲಶ್ರೀ ನಂಬರು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಮಂಜಿನೊಳಗೆ ಇಳಿದುಹೋದಳು. ಆ ಮಾತು ಅವಳಿಗೆ ಅಂದೇ ಮರೆತುಹೋಯಿತು.

ಅವಳ ಆಫೀಸು ಬಸ್ ನಿಲ್ದಾಣದ ಹತ್ತಿರ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿತ್ತು. ಸಹಾಯವಾಣಿಯನ್ನು ನಡೆಸುವ ಸೇವಾಸಂಸ್ಥೆ ಅದರ ತಾಂತ್ರಿಕ ಕೆಲಸವನ್ನು ಈ ಸಣ್ಣ ಕಂಪನಿಗೆ ವಹಿಸಿತ್ತು. ಸಾಫ್ಟ್‌ವೇರು ಓಡುತ್ತಿದ್ದದ್ದು ಈ ಕೋಣೆಯಲ್ಲಲ್ಲ. ಅದನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆಗೆ ಕಂಟೇನರ್ ಎಂಬ ಒಂದು ಗಂಟಾಗಿ ಕಟ್ಟಿ, ಎಲ್ಲೋ ದೂರದ ಕಂಪ್ಯೂಟರುಗಳ ಕ್ಲೌಡಿನಲ್ಲಿ ಬಾಡಿಗೆಗೆ ಇರಿಸಿದ್ದರು. ಊರಿಗೊಂದು ಸೇವೆ. ಹೊಸ ಸೇವೆ ಶುರು ಮಾಡುವಾಗ ಯಾರೂ ಏನನ್ನೂ ಆರಿಸದಿದ್ದರೆ, ಕಂಪನಿಯ ಇಡೀ ಕ್ಲೌಡ್ ಅಕೌಂಟಿಗೆ ಹಾಕಿಟ್ಟ ಡೀಫಾಲ್ಟ್ ಸೆಟ್ಟಿಂಗ್ ತಾನಾಗಿ ಅದಕ್ಕೂ ಬಂದುಬಿಡುತ್ತಿತ್ತು.

ಆಫೀಸಿನ ಯಜಮಾನ ಮಹಾಬಳೇಶ್ವರ ಕೆಲವು ವಾರಗಳ ಮೇಲೆ ಒಂದು ದಿನ ಅವಳ ಮೇಜಿನ ಹತ್ತಿರ ಬಂದ. "ಇನ್ನ ಎರಡು ತಿಂಗಳಿಗೆ ಹಳಿಯಾಳ, ಜೊಯಿಡಾ, ಮುಂಡಗೋಡ ಮೂರೂ ಕಡೆ ಶುರು ಆಗ್ತೈತಿ. ಅಷ್ಟರಾಗ ಅಕೌಂಟಿನ ಡೀಫಾಲ್ಟ್ ಒಮ್ಮೆ ನೋಡಿಬಿಡು."

ನೋಡಿದಳು. ಸಹಾಯವಾಣಿ ಶುರುವಾಗುವ ಮುಂಚಿನ ಪರೀಕ್ಷೆಯ ಕಾಲದಲ್ಲಿ ದನಿ ಸರಿಯಾಗಿ ಬರುತ್ತದೋ ಇಲ್ಲವೋ ತಿಳಿಯಲೆಂದು, ಪ್ರತಿಯೊಂದು ಕರೆಯನ್ನೂ ರೆಕಾರ್ಡ್ ಮಾಡಿ ಕಾಪಿಡುವಂತೆ, ಆಫೀಸಿನ ಎಲ್ಲರಿಗೂ ತೆರೆಯಲು ಬರುವಂತೆ ಇಟ್ಟಿದ್ದರು. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ದಾಂಡೇಲಿಯ ಸೇವೆ ಅದೇ ಸೆಟ್ಟಿಂಗಿನಲ್ಲಿ ಓಡುತ್ತಲೇ ಇತ್ತು.

"ಸರ್, ಇದು ತಗೀಬೇಕಲ್ಲ?"

"ಇರ್ಲಿ ಬಿಡು. ನಾಳೆ ಯಾರರೆ ತಕರಾರು ತಗದ್ರ ರೆಕಾರ್ಡಿಂಗ್ ಇದ್ರ ನಾವು ಬಚಾವು. ಯಾರು ಕುಂತು ಕೇಳ್ತಾರ ಅದನ್ನ? ದನಿ ಹೆಂಗ ಬರ್ತೈತಿ ಅಂತ ಒಂದೆರಡು ನೋಡಿ ಹೇಳು, ಸಾಕು."

ಅವಳಿಗೂ ಅದು ಸರಿಯೆನಿಸಿತು. ಹೆಡ್‌ಫೋನ್ ಹಾಕಿಕೊಂಡು ಕಣ್ಣಿಗೆ ಬಿದ್ದ ಒಂದು ಕರೆಯನ್ನು ಒತ್ತಿದಳು.

"ಹೇಳ್ರಿ ಅವ್ವಾರ," ಎಂದಿತು ಆಪ್ತಸಮಾಲೋಚಕಿ ಸುಮಿತಾಳ ದನಿ. "ಇಲ್ಲಿ ನೀವು, ನಾನು ಇಬ್ಬರೇ ಅದೀವಿ."

ಆಮೇಲೆ ಬಂದ ದನಿಯನ್ನು ಶೈಲಶ್ರೀ ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದಳು. ಆದರೂ ಅದನ್ನು ಇಷ್ಟು ಮೆತ್ತಗೆ ಎಂದೂ ಕೇಳಿರಲಿಲ್ಲ.

"ಮಂಜು ಬಿದ್ದ ದಿನ ಕನಸಿನ್ಯಾಗ ಬರ್ತಾಳರೀ ನನ್ನ ಲಕ್ಷ್ಮಿ. ನದಿ ಮ್ಯಾಲ ನಡಕೋತ ಬರ್ತಾಳ, ಕಾಲು ತೊಯ್ದಿರೂದಿಲ್ಲ. ಅವ್ವಾ, ನಾ ಎಷ್ಟು ದೊಡ್ಡಾಕಿ ಆಗೀನಿ ನೋಡು ಅಂತಾಳ. ಆದ್ರ ಅಷ್ಟ ಇರ್ತಾಳ, ಹೋದಾಗ ಎಷ್ಟಿದ್ಳು ಅಷ್ಟ. ಚಿಗಳ್ಳಿಯೊಳಗ ಇದ್ವಿ ಆಗ. ಜ್ವರ ಬಂತು, ಹೋದ್ಳು. ನನ್ನ ಹೊಟ್ಟ್ಯಾಗ ಇನ್ನೊಂದಿತ್ತು. ಅತ್ತಿ ಅಂದ್ರು, ಹೆಣ್ಣುಕೂಸಿಗೆ ಎಷ್ಟಂತ ಅಳ್ತಿ, ಹೊಟ್ಟ್ಯಾಗಿಂದಕ್ಕ ಕೇಡು, ಇನ್ನ ಮ್ಯಾಲ ಅಕಿ ಹೆಸರ ಎತ್ತಬ್ಯಾಡ. ಎತ್ತಲಿಲ್ಲರೀ. ಇವರೂ ಎತ್ತಲಿಲ್ಲ. ಅಕಿ ಇದ್ದಳೋ ಇಲ್ಲೋ ಅಂತ ಒಮ್ಮೊಮ್ಮೆ ನನಗ ಸಂಶಯ ಬರ್ತೈತಿ."

ಹೊಟ್ಟೆಯಲ್ಲಿದ್ದ ಇನ್ನೊಂದು ಎಂದರೆ ತಾನು. ಶೈಲಶ್ರೀ ಕಿಟಕಿಯತ್ತ ನೋಡಿದಳು. ಕೆಳಗೆ ಬಸ್ಸುಗಳು ಮಂಜಿನಲ್ಲಿ ದೀಪ ಹೊತ್ತಿಸಿಕೊಂಡು ತೇಲುತ್ತಿದ್ದವು. ತಾನು ಒಬ್ಬಳೇ ಮಗಳೆಂದುಕೊಂಡು ಬೆಳೆದ ಮನೆಯಲ್ಲಿ ಇನ್ನೊಬ್ಬಳು ಹಗುರ ಹೆಜ್ಜೆಯಿಟ್ಟು ಓಡಾಡಿಕೊಂಡಿದ್ದಳು; ತಾನು ಮಾತ್ರ ನೋಡಿರಲಿಲ್ಲ.

ಅಲ್ಲಿಗೇ ಹೆಡ್‌ಫೋನ್ ತೆಗೆದಿಡಬೇಕಿತ್ತು. ತೆಗೆಯಲಿಲ್ಲ. ಆ ಕರೆ ಮುಗಿಯುವವರೆಗೆ ಕೇಳಿದಳು, ಅದರ ಹಿಂದಿನದನ್ನು ಹುಡುಕಿ ಕೇಳಿದಳು. ಶಿವವ್ವ ಸೋಮವಾರ ಮಧ್ಯಾಹ್ನ ಪೂಜೆ ಮುಗಿಸಿ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಫೋನ್ ಮಾಡುತ್ತಿದ್ದಳು. ಮಂಗಳವಾರ ಬೆಳಿಗ್ಗೆ ಆಫೀಸಿಗೆ ಬರುತ್ತಲೇ ಶೈಲಶ್ರೀ ಆ ಕರೆಗೆ ಕಿವಿಗೊಡುತ್ತಿದ್ದಳು. ಕದ್ದು ಕೇಳುತ್ತಿದ್ದೇನೆಂದು ಅವಳಿಗೆ ಅನ್ನಿಸುತ್ತಿರಲಿಲ್ಲ. ತಾಯಿಯ ಮಡಿಲಿಗೆ ತಲೆಯಿಟ್ಟು ಕತೆ ಕೇಳಿದಂತಾಗುತ್ತಿತ್ತು. ಲಕ್ಷ್ಮಿಗೆ ಹಸಿರು ಬಳೆ ಇಷ್ಟವಂತೆ. ಚಂದಮಾಮನಿಗೆ ಚಂದವ್ವ ಅನ್ನುತ್ತಿದ್ದಳಂತೆ. ಸಂಜೆ ಮನೆಗೆ ನಡೆದು ಬರುವಾಗ ತನ್ನ ಪಕ್ಕದಲ್ಲಿ ಯಾರೋ ಬಳೆ ಸದ್ದು ಮಾಡುತ್ತ ಬರುತ್ತಿದ್ದಾರೆಂದು ಭಾಸವಾಗಿ ಅವಳು ನಡಿಗೆಯನ್ನು ನಿಧಾನ ಮಾಡುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಓಣಿಯೇ ಮುಳುಗುವಷ್ಟು ಮಂಜು ಬಿತ್ತು. ಶಿವವ್ವ ಬಾಗಿಲಲ್ಲಿ ನಿಂತು ನದಿಯ ಕಡೆ ನೋಡುತ್ತಿದ್ದಳು. ಮಲಕಪ್ಪ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಶೈಲಶ್ರೀ ಇನ್ನೂ ಅರೆನಿದ್ದೆಯಲ್ಲಿದ್ದಳೋ ಏನೋ, ತಾಯಿಯ ಹೆಗಲಿಗೆ ಗಲ್ಲ ಆನಿಸಿ ಕೇಳಿಬಿಟ್ಟಳು:

"ಇವತ್ತು ಅಕಿ ಬಂದಿದ್ಳೇನವ್ವ?"

"ಯಾರು?"

"ಲಕ್ಷ್ಮಿ."

ಶಿವವ್ವ ತಿರುಗಿ ಮಗಳ ಮುಖ ನೋಡಿದಳು. "ನಿನಗ ಯಾರು ಹೇಳಿದ್ರು?"

ಮಲಕಪ್ಪ ಬಟ್ಟಲನ್ನು ಕೆಳಗಿಟ್ಟ. "ಆ ಹೆಸರು ಈ ಮನ್ಯಾಗ ಎತ್ತಬ್ಯಾಡ್ರಿ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು. ಶಿವವ್ವ ಸೆರಗು ಬಿಗಿಮಾಡಿಕೊಂಡು ಒಳಗೆ ಹೋದಳು. ಅಂದಿನಿಂದ ಮನೆಯಲ್ಲಿ ಊಟಕ್ಕೆ ಬಾ, ನೀರು ಕಾದಿದೆ ಎನ್ನುವಷ್ಟೇ ಮಾತು ಉಳಿಯಿತು.

ಮುಂದಿನ ಮಂಗಳವಾರ ಶೈಲಶ್ರೀ ನೋಡಿದಾಗ ತಾಯಿಯ ಕರೆ ಒಂದು ನಿಮಿಷಕ್ಕಿಂತ ಹೆಚ್ಚಿರಲಿಲ್ಲ. ಅದನ್ನು ತೆರೆಯಲು ಕೈ ಬರಲಿಲ್ಲ. ಅದರ ಮುಂದಿನ ವಾರ ಕರೆಯೇ ಇರಲಿಲ್ಲ.

ಆ ವಾರವೇ ಸುಮಿತಾ ಮಾಳಿಗೆಯ ಮೆಟ್ಟಿಲು ಹತ್ತಿ ಬಂದಳು. ಶೈಲಶ್ರೀ ಅವಳ ಮುಖ ಕಂಡದ್ದು ಅದೇ ಮೊದಲು. ದನಿಯಂತೂ ಗೊತ್ತೇ ಇತ್ತು.

"ಮಹಾಬಳೇಶ್ವರ ಸರ್, ಒಂದು ಮಾತು ಕೇಳಾಕ ಬಂದೀನಿ. ನಮ್ಮ ಕರೆ ಮತ್ತ್ಯಾರಿಗರೆ ಕೇಳಸ್ತೈತೇನ್ರಿ? ಒಬ್ಬ ಹೆಣ್ಣುಮಗಳು ತಪ್ಪದ ಮಾತಾಡ್ತಿದ್ರು. ಬಾಯಿ ಬಿಡಾಕ ಎಷ್ಟೋ ವಾರ ತಗೊಂಡಿದ್ರು. ಹೋದ ವಾರ ಫೋನ್ ಮಾಡಿ, ನೀವು ಹೊರಗ ಹೇಳಿದ್ರಿ, ನಂಬಿದ್ದೆ ನಿಮ್ಮನ್ನ ಅಂತಂದು ಇಟ್ಟುಬಿಟ್ರು. ನಾ ಯಾರಿಗೂ ಹೇಳಿಲ್ಲರೀ."

ಮಹಾಬಳೇಶ್ವರ ಕುರ್ಚಿ ಎಳೆದು ಕೊಟ್ಟ. "ಹೊರಗಿನವರು ಯಾರೂ ಕೇಳೂದಿಲ್ಲ ಮೇಡಂ. ಆಫೀಸಿನವರಿಗಷ್ಟ ಬರೂ ಹಂಗ ಐತಿ. ಅದೂ ಜವಾಬ್ದಾರಿ ಸಲುವಾಗಿ. ನಾಳೆ ನಿಮ್ಮ ಮ್ಯಾಲ ಯಾರರೆ ಸುಳ್ಳು ತಕರಾರು ತಂದ್ರ ನಿಮ್ಮನ್ನ ಉಳಿಸೂದು ಅದ ರೆಕಾರ್ಡಿಂಗ್."

"ನನ್ನ ಉಳಿಸಾಕ ಅವರ ಮಾತು ಕಾದಿಡೂದಾದ್ರ, ಅವರಿಗೆ ಮೊದಲ ಹೇಳಬೇಕಿತ್ತಲ್ಲರಿ? ಇಲ್ಲಿ ನಾವಿಬ್ಬರೇ ಅಂತ ನಾನು ದಿನಾ ಹೇಳ್ತೀನಿ. ಅಷ್ಟೂ ಮಂದಿಗೆ ಸುಳ್ಳು ಹೇಳಿದಂಗಾತು."

ಶೈಲಶ್ರೀ ಎದ್ದು ನಿಂತಳು.

"ಅವರು ನಮ್ಮ ಅವ್ವ. ಕೇಳಿದಾಕಿ ನಾನು. ಒಮ್ಮೆ ಅಲ್ಲ, ಎಲ್ಲಾ ಕೇಳೀನಿ. ನೀವೇನೂ ತಪ್ಪು ಮಾಡಿಲ್ಲ ಮೇಡಂ."

ಸುಮಿತಾ ಅವಳತ್ತ ತಿರುಗಿದಳು. ಬೈಯಬಹುದೆಂದು ಶೈಲಶ್ರೀ ಕಾದಳು. "ನಿಮ್ಮ ಮ್ಯಾಲ ಪ್ರೀತಿ ಇಲ್ಲಂತ ಅವರು ನಿಮಗ ಹೇಳದ ಇದ್ದಿದ್ದಲ್ಲ," ಎಂದಳು ಸುಮಿತಾ. "ಪ್ರೀತಿ ಐತಂತನ ಹೇಳಿಲ್ಲ. ನೀವು ಹುಟ್ಟೂದರ ಸಲುವಾಗಿ ಬಾಯಿ ಮುಚ್ಚಿದ್ದು ಅಂತ ನಿಮಗ ಗೊತ್ತಾಗಬಾರದು ಅಂತ."

ಮಹಾಬಳೇಶ್ವರ ಕನ್ನಡಕ ತೆಗೆದು ಒರೆಸಿದ. ಅವನು ಕೆಟ್ಟ ಮನುಷ್ಯನಲ್ಲ. ಇದ್ದದ್ದು ಇದ್ದಂತೆ ನಡೆದರೆ ಸಾಕೆನ್ನುವವನು. "ತಗದುಬಿಡು ಶೈಲಶ್ರೀ," ಎಂದ. "ನಮ್ಮ ಮನ್ಯಾಗಿನವರೂ ಫೋನ್ ಮಾಡಿದ್ರೂ ಮಾಡಿರಬಹುದು."

ಅಂದು ಮಧ್ಯಾಹ್ನ ಅವಳು ಊಟಕ್ಕೂ ಏಳದೆ ಕೂತಳು. ಕರೆ ಕಾಪಿಡುವುದನ್ನು ಅಕೌಂಟಿನ ಡೀಫಾಲ್ಟಿನಲ್ಲಿ ಮುಚ್ಚಿದಳು. ಇನ್ನು ಹಳಿಯಾಳ, ಜೊಯಿಡಾ, ಮುಂಡಗೋಡಗಳ ಸೇವೆಗಳು ಹುಟ್ಟುವಾಗಲೇ ಹಾಗೆ ಹುಟ್ಟುತ್ತವೆ. ಯಾರೋ ನೆನಪಿಟ್ಟು ಮುಚ್ಚಬೇಕಿಲ್ಲ. ಆದರೆ ಡೀಫಾಲ್ಟ್ ಬದಲಾದರೆ ಆಗಲೇ ಓಡುತ್ತಿರುವ ಸೇವೆ ಬದಲಾಗುವುದಿಲ್ಲ. ಆದ್ದರಿಂದ ದಾಂಡೇಲಿಯ ಸೇವೆಯನ್ನು ನಿಲ್ಲಿಸಿ ಹೊಸದಾಗಿ ಎಬ್ಬಿಸಿದಳು. ಹಳೆಯ ಕರೆಗಳನ್ನು ಮಹಾಬಳೇಶ್ವರನ ಎದುರಿಗೇ ಅಳಿಸಿದಳು.

ಇನ್ನೊಂದು ಉಳಿದಿತ್ತು. ಪರೀಕ್ಷೆಯ ಕಾಲದಲ್ಲಿ ಅವಳು ತನ್ನೊಬ್ಬಳ ಹೆಸರಿಗೆ ಬೇರೆಯಾಗಿ, ಕರೆ ಕಾಪಿಡುವ ಒಂದು ಸೆಟ್ಟಿಂಗ್ ಹಾಕಿಕೊಂಡಿದ್ದಳು. ಅಕೌಂಟಿನ ಡೀಫಾಲ್ಟ್ ಏನೇ ಇರಲಿ, ಅವಳು ಎಬ್ಬಿಸಿದ ಸೇವೆ ಅವಳ ಸೆಟ್ಟಿಂಗಿನಂತೆಯೇ ನಡೆಯುತ್ತಿತ್ತು. ದಾಂಡೇಲಿಯ ಸೇವೆಯನ್ನು ಈಗ ಎಬ್ಬಿಸಿದವಳು ಅವಳೇ. ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಹಾಗೇ ಬಿಟ್ಟರೆ ತಾಯಿ ಎಂದಾದರೂ ಮತ್ತೆ ಮಾತಾಡಿದಾಗ ಅವಳಿಗೊಬ್ಬಳಿಗೆ ಕೇಳುತ್ತಿತ್ತು. ಲಕ್ಷ್ಮಿ ಮತ್ತೇನೆನ್ನುತ್ತಿದ್ದಳು, ಯಾವ ಹಾಡಿಗೆ ಮಲಗುತ್ತಿದ್ದಳು, ಎಲ್ಲವೂ. ಕಿಟಕಿಯಾಚೆ ಬಿಸಿಲು ಹರಡಿತ್ತು. ಆ ಬಿಸಿಲಿನಲ್ಲೂ ಬಳೆ ಸದ್ದು ಕೇಳಿದಂತಾಯಿತು. ಶೈಲಶ್ರೀ ಕಣ್ಣು ಮುಚ್ಚಿ, ಸದ್ದು ದೂರವಾಗುವವರೆಗೆ ಕಾದಳು. ಆಮೇಲೆ ತನ್ನ ಹೆಸರಿನ ಆ ಸೆಟ್ಟಿಂಗನ್ನು ತೆಗೆದುಹಾಕಿ, ಸೇವೆಯನ್ನು ಮತ್ತೊಮ್ಮೆ ನಿಲ್ಲಿಸಿ ಎಬ್ಬಿಸಿದಳು.

ಸಂಜೆ ಶಿವವ್ವ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಶೈಲಶ್ರೀ ಹೋಗಿ ಹಗ್ಗದ ಆ ಬದಿಗೆ ನಿಂತಳು. ಅವರಿಬ್ಬರ ನಡುವೆ ಒಂದು ಸೀರೆ ತೂಗುತ್ತಿತ್ತು.

"ಆ ಮೇಡಂ ಯಾರಿಗೂ ಹೇಳಿಲ್ಲವ್ವ. ನಾನ ಕದ್ದು ಕೇಳಿದೆ."

"ಯಾರೂ ಕೇಳೂದಿಲ್ಲಂತ ನೀನ ಹೇಳಿದ್ದಿ," ಎಂದಳು ಶಿವವ್ವ. "ನೀ ಹೇಳಿದ್ದಕ್ಕ ಫೋನ್ ಹಚ್ಚಿದ್ದೆ ನಾನು."

"ಹೌದವ್ವ. ತಪ್ಪಾತು. ಈಗ ಎಲ್ಲಾ ಮುಚ್ಚೀನಿ. ಇನ್ನ ಯಾರಿಗೂ ಕೇಳಿಸೂದಿಲ್ಲ."

"ನಿನಗ ಸೈತ?"

"ನನಗ ಸೈತ."

ಶಿವವ್ವ ಸೀರೆಯನ್ನು ಹಗ್ಗದಿಂದ ಎಳೆದಳು. ಕಣ್ಣುಗಳು ಒದ್ದೆಯಾಗಿದ್ದವು. ಸೀರೆಯ ಒಂದು ತುದಿಯನ್ನು ಮಗಳ ಕೈಗಿಟ್ಟಳು. ಇಬ್ಬರೂ ಸೇರಿ ಮಡಿಚಿದರು.

ಆಮೇಲಿನ ಎರಡು ಸೋಮವಾರ ತಾಯಿ ಫೋನ್ ಮಾಡಿದಳೋ ಇಲ್ಲವೋ ಶೈಲಶ್ರೀಗೆ ತಿಳಿಯಲಿಲ್ಲ. ತಿಳಿಯುವ ದಾರಿಯೂ ಇರಲಿಲ್ಲ. ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಾಗಲೆಲ್ಲ ಅವಳು ಬೇರೆ ಮಾತು ತೆಗೆದಳು.

ಹಳಿಯಾಳದ ಸೇವೆ ಶುರುವಾದ ವಾರ ಅವಳಿಗೆ ಸೋಮವಾರ ರಜೆ ಸಿಕ್ಕಿತ್ತು. ಮಧ್ಯಾಹ್ನ ಪೂಜೆ ಮುಗಿಸಿದ ಶಿವವ್ವ ಫೋನ್ ಹಿಡಿದು ಒಳಕೋಣೆಯ ಹೊಸ್ತಿಲಲ್ಲಿ ನಿಂತಳು. ಮಗಳನ್ನು ನೋಡಿದಳು. ಶೈಲಶ್ರೀ ಎದ್ದು ಹೊರಗೆ ಹೋಗಿ, ಬಾಗಿಲನ್ನು ತಾನೇ ಮುಂದಕ್ಕೆಳೆದುಕೊಂಡು ಕಟ್ಟೆಯ ಮೇಲೆ ಕೂತಳು. ತಲೆಯ ಮೇಲೆ ಮಂಗಟ್ಟೆ ಹಕ್ಕಿಗಳ ಜೋಡಿಯೊಂದು ಗಾಳಿಯನ್ನು ಬೀಸುತ್ತ ಕಾಡಿನ ಕಡೆ ಹಾರಿಹೋಯಿತು.

ಮೊದಲ ಪಾಳಿ ಮುಗಿಸಿ ಬಂದ ಮಲಕಪ್ಪ ಬಾಗಿಲಿಗೆ ಕೈ ಹಾಕಿದ.

"ಸ್ವಲ್ಪ ತಡೀ ಅಪ್ಪ. ಅವ್ವ ಫೋನಿನ್ಯಾಗ ಮಾತಾಡಾಕತ್ತಾಳ."

"ಯಾರ ಕೂಡ?"

"ಅದು ಅಕಿ ವಿಷಯ."

ಮಲಕಪ್ಪ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತ. ಮಾತು ಕೇಳಿಸುತ್ತಿರಲಿಲ್ಲ. ಯಾರೋ ತಡೆಯಿಲ್ಲದೆ, ನಿರಾಳವಾಗಿ ಮಾತಾಡುತ್ತಿದ್ದಾರೆಂಬುದಷ್ಟೇ ತಿಳಿಯುತ್ತಿತ್ತು. ಅವನು ಮೆಲ್ಲನೆ ಬಂದು ಮಗಳ ಪಕ್ಕ ಕೂತ. ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಬಿಸಿಲು ಓಣಿಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯಿತು.

"ನಕ್ಕರ," ಎಂದ ಮಲಕಪ್ಪ, ಮಗಳತ್ತ ನೋಡದೆ, "ಅಕಿ ಎಡಗಲ್ಲದ ಮ್ಯಾಲ ಒಂದು ಗುಳಿ ಬೀಳ್ತಿತ್ತು. ಲಕ್ಷ್ಮಿಗೆ."

ಶೈಲಶ್ರೀ ಏನೂ ಕೇಳಲಿಲ್ಲ. ಅವನು ತಾನಾಗಿ ಮುಂದಿನದನ್ನು ಹೇಳುವವರೆಗೂ ಸುಮ್ಮನೆ ಪಕ್ಕದಲ್ಲಿ ಕೂತಿದ್ದಳು.