ಟೆಂಪೊ ಓಡಿಸಿದವನ ಹಾಡು

ಅಪ್ಪ ಸತ್ತ ಐದನೇ ದಿನ. ಪ್ರಬಲ್ ಖಡ್ಕಾ ತಲೆ ಬೋಳಿಸಿಕೊಂಡು, ಹೊಲಿಗೆಯಿಲ್ಲದ ಬಿಳಿ ಬಟ್ಟೆ ಸುತ್ತಿಕೊಂಡು, ಸಗಣಿ ಸಾರಿಸಿದ ಮೂಲೆಯಲ್ಲಿ ಹುಲ್ಲಿನ ಮೇಲೆ ಕೂತಿದ್ದ. ಹದಿಮೂರು ದಿನ ಅವನನ್ನು ಯಾರೂ ಮುಟ್ಟುವಂತಿಲ್ಲ. ಆಮೇಲೂ ವರ್ಷವಿಡೀ ಬಿಳಿ ಬಟ್ಟೆಯೇ. ಹಾಡು, ಕುಣಿತ ಯಾವುದೂ ಕೂಡದು.

ಗೆಳೆಯ ರೇಜಿನ್ ಮಹರ್ಜನ್ ಬಾಗಿಲಲ್ಲೇ ನಿಂತ. "ಸ್ಟುಡಿಯೋ ಸಿಗೋದು ನಾಳೆ ಬೆಳಿಗ್ಗೆ ಒಂದೇ ಒಂದು ಗಂಟೆ ಹೊತ್ತು ಕಣೋ. ಮುಂದಕ್ಕೆ ಹಾಕಿ ಅಂತ ಕೈಕಾಲು ಹಿಡ್ದೆ. ನೇಪಾಳಿ ರ್‍ಯಾಪು ಯಾವನಿಗೆ ಬೇಕು, ಬಂದ್ರೆ ಬನ್ನಿ, ಇಲ್ದಿದ್ರೆ ಕ್ಯಾಸೆಟ್ಟಿಗೆ ಬೇರೆ ಹಾಡು ಹಾಕ್ಕೋತೀವಿ ಅಂದ್ರು."

ಎರಡು ವರ್ಷ ಇಬ್ಬರೂ ತಾರಸಿ ಮೇಲೆ ಅಮೆರಿಕದ ಕ್ಯಾಸೆಟ್ಟಿನ ಬರೀ ತಾಳಕ್ಕೆ ನೇಪಾಳಿ ಮಾತು ಜೋಡಿಸಿದ್ದರು. ಅರ್ಧ ಹಾಡು ರೇಜಿನ್‌ನದು, ಅರ್ಧ ಪ್ರಬಲ್‌ನದು. ಪ್ರಬಲ್‌ನ ಅರ್ಧದಲ್ಲಿ ಇದ್ದವನು ಅವನಪ್ಪನೇ: ರತ್ನಪಾರ್ಕಿನಿಂದ ಲಗನ್‌ಖೇಲ್‌ಗೆ ಇಪ್ಪತ್ತು ವರ್ಷ ಮೂರು ಚಕ್ರದ ಟೆಂಪೊದಲ್ಲಿ ಜನರನ್ನು ತುಂಬಿಕೊಂಡು ಓಡಿಸಿ, ಹೊಗೆ ಕುಡಿದು ಕೆಮ್ಮಿದವನು. ಅದನ್ನು ಅಪ್ಪನಿಗೆ ಕೇಳಿಸಬೇಕೆಂಬ ಆಸೆ ಕೈಗೂಡಲಿಲ್ಲ. ಊರಿಗಾದರೂ ಕೇಳಿಸಬೇಕಿತ್ತು.

ಪ್ರಬಲ್ ಅಲ್ಲೇ ಇದ್ದ ಅಪ್ಪನ ತಮ್ಮನ ಕಡೆ ತಿರುಗಿದ. "ಕಾಕಾ, ಒಂದು ಗಂಟೆ ಹೋಗಿ ಬರ್ಲಾ? ಇದು ಹಾಡಲ್ಲ, ಬರೀ ಬಾಯಿಬಡ್ಕತನ ಅಂತ ನೀವೇ ಅಂತಿದ್ರಲ್ಲ?"

ಕಾಕಾ ಕೆಂಡವಾದ. "ಇವತ್ತು ಅದು ಹಾಡೇ! ಬಾಯ್ಮುಚ್ಕೊಂಡು ಕೂತ್ಕೋ."

ಎರಡು ವರ್ಷ ಅಂಗಲಾಚಿದರೂ ಸಿಗದ ಮರ್ಯಾದೆ ಹಾಳಾದ ಹೊತ್ತಿಗೆ ಸಿಕ್ಕಿತು.

ಪ್ರಬಲ್ ಕೂತಲ್ಲೇ ತನ್ನ ಸಾಲುಗಳನ್ನು ಮೆಲ್ಲಗೆ ಹೇಳಿದ. ರೇಜಿನ್ ದೂರದಿಂದಲೇ ಬರೆದುಕೊಂಡ.

"ಎರಡು ಅರ್ಧಾನೂ ನೀನೇ ಹಾಡು," ಎಂದ ಪ್ರಬಲ್.

"ಕವರ್ ಮೇಲೆ ನಿನ್ನ ಹೆಸರು ದೊಡ್ಡದಾಗಿ ಹಾಕಿಸ್ತೀನಿ ಕಣೋ."

ಹಾಕಿಸಿದ ಕೂಡ. ಆದರೆ ಊರು ಕೇಳಿದ್ದು ಎಫ್‌ಎಂನಲ್ಲಿ, ನಕಲು ಮಾಡಿದ ಕ್ಯಾಸೆಟ್ಟುಗಳಲ್ಲಿ. ಅವಕ್ಕೆಲ್ಲಿಯ ಕವರು!

ದಸೈಂ ಹಬ್ಬದ ಹೊತ್ತಿಗೆ ಗಲ್ಲಿಗಲ್ಲಿಯಲ್ಲೂ ಅದೇ ಹಾಡು. ಮೈಕ್ರೋಬಸ್ಸಿನಲ್ಲಿ ಪಕ್ಕದವನು ಪ್ರಬಲ್‌ನ ಅಪ್ಪನನ್ನೇ ಗುನುಗುತ್ತಿದ್ದರೆ ಬಿಳಿ ಬಟ್ಟೆಯ ಮಗ ತುಟಿ ಬಿಗಿಹಿಡಿದು ಕೂರುತ್ತಿದ್ದ. ಅಸನ್ ಪೇಟೆಯ ಅಂಗಡಿಯವರು ರೇಜಿನ್‌ನನ್ನು ನಿಲ್ಲಿಸಿ ಕೇಳುತ್ತಿದ್ದರು: "ಟೆಂಪೊ ಓಡಿಸ್ತಾರಲ್ಲ, ನಿಮ್ಮಪ್ಪ, ಕೆಮ್ಮು ಹೇಗಿದೆ?" ರೇಜಿನ್‌ನ ಅಪ್ಪ ಹಿತ್ತಾಳೆ ಪಾತ್ರೆ ಮಾರುವವನು, ಗುಂಡುಕಲ್ಲಿನ ಹಾಗಿದ್ದಾನೆ!

"ಮೊದಮೊದಲು ಬಿಡಿಸಿ ಹೇಳ್ತಿದ್ದೆ ಕಣೋ," ಎಂದು ರೇಜಿನ್ ತಲೆ ತಗ್ಗಿಸಿದ. "ಈಗ ಸಾಕಾಗಿ ಚೆನ್ನಾಗಿದ್ದಾರೆ ಅಂದ್ಬಿಡ್ತೀನಿ."

ಪ್ರಬಲ್‌ಗೆ ಮೈಯೆಲ್ಲ ಉರಿಯಿತು. ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

ವರ್ಷ ತುಂಬಿ ಬಿಳಿ ಬಟ್ಟೆ ಕಳೆದ ಮೊದಲ ಶನಿವಾರ, ಬಸಂತಪುರದ ಕಾರ್ಯಕ್ರಮದಲ್ಲಿ ರೇಜಿನ್ ಅವನನ್ನು ವೇದಿಕೆಗೆ ಎಳೆದು ಮೈಕ್ ಕೊಟ್ಟ. ಪ್ರಬಲ್ ಅಪ್ಪನ ಸಾಲುಗಳಿಗೆ ಗಂಟಲು ತೆರೆದ. ಮೂರನೇ ಸಾಲಿಗೇ ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಕೂಗಿದಳು: "ಅಣ್ಣಾ, ಅದು ರೇಜಿನ್ ಅಪ್ಪನ ಹಾಡು! ನಿಮ್ಮಪ್ಪಂದು ಏನಾದ್ರೂ ಇದ್ರೆ ಹೇಳಿ!"

ಜನ ಗೊಳ್ಳೆಂದು ನಕ್ಕರು. ರೇಜಿನ್ ಮೈಕ್ ಕಿತ್ತುಕೊಂಡು ಕಿರುಚಿದ: "ಅದು ಇವನಪ್ಪನೇ! ಬರೆದೋನೂ ಇವನೇ ಕಣ್ರೋ!"

"ರೇಜಿನ್‌ದು ಎಂಥಾ ದೊಡ್ಡ ಮನಸ್ಸು ನೋಡು, ಸ್ನೇಹಿತನಿಗೆ ತನ್ನಪ್ಪನ್ನೇ ಕೊಟ್ಬಿಟ್ಟ," ಎಂದರು ಯಾರೋ.

ಪ್ರಬಲ್ ಉಳಿದ ಸಾಲುಗಳನ್ನು ಹೇಳಿ ಮುಗಿಸಿದ. ಜನ ರೇಜಿನ್‌ಗೆ ಚಪ್ಪಾಳೆ ತಟ್ಟಿದರು.