ಇನ್ನು ಒಂಬತ್ತು ದಿನ

ರಂಗನಾಯಕನ ನಿವೃತ್ತಿಗೆ ಒಂಬತ್ತು ದಿನ ಉಳಿದಿತ್ತು. ನಂಜನಗೂಡಿನ ಸುತ್ತಲ ಊರುಗಳಲ್ಲಿ ಮೂವತ್ತನಾಲ್ಕು ವರ್ಷ ಕರೆಂಟಿನ ಕಂಬ ಹತ್ತಿದವನು. ಗಾಳಿ ಮಳೆಗೆ ಊರೆಲ್ಲ ಕದ ಹಾಕಿಕೊಂಡಾಗ ಇವನು ಹೊರಡಬೇಕಿತ್ತು. ಅವನ ಆಸೆಯೇನೂ ದೊಡ್ಡದಲ್ಲ. ಟಿ. ನರಸೀಪುರದ ಅಕ್ಕ ಮುತ್ತಮ್ಮನ ಮನೆಗೆ ಹೋಗಿ, ಫೋನು ಆಫ್ ಮಾಡಿ, ಮಳೆ ಬಂದರೆ ಹೊದ್ದುಕೊಂಡು ಮಲಗುವುದು. ‘ಮೂರು ದಿನ ಎಬ್ಬುಸ್ಬ್ಯಾಡ’ ಎಂದು ಅಕ್ಕನಿಗೆ ಹೇಳಿಯೂ ಆಗಿತ್ತು.

ಆ ಭಾನುವಾರ ಕಾಂತರಾಜು ಬಂದ. ಅವನೂ ಲೈನ್‌ಮನ್ನೇ, ಬಾಯಿಗೆ ಬೀಗವಿಲ್ಲ. ಟೀ ಕುಡಿಯುತ್ತ, ಪಾತ್ರೆ ತೊಳೆಯುತ್ತಿದ್ದ ರಂಗನಾಯಕನ ಮಗಳು ಮಧುಶ್ರೀಯ ಕಡೆ ನೋಡಿದ.

“ನಮ್ ಜತೆ ಇದ್ದ ನಟರಾಜಣ್ಣ ರಿಟೈರ್ ಆಗಕೆ ಹದ್ನೈದು ದಿನ ಇದ್ದಂಗೆ ತೀರ್ಕಂಡ. ಮಗಳಿಗೆ ಅನುಕಂಪದ ಕೆಲ್ಸ ಸಿಕ್ತು, ಈಗ ಫ್ಯಾನ್ ಕೆಳಗೆ ಕೂತವ್ಳೆ. ನೀನು ನೋಡುದ್ರೆ ಗುಂಡುಕಲ್ಲಂಗಿದ್ದೀಯ ಕಣಣ್ಣ,” ಎಂದು ನಕ್ಕ.

“ಟೀ ಕುಡ್ದಾಯ್ತಲ್ಲ, ಎದ್ದೋಗಲಾ,” ಎಂದ ರಂಗನಾಯಕ. ಆದರೆ ನಗಲಿಲ್ಲ. ಮಗಳನ್ನು ಒಂದು ಸಲ ನೋಡಿದ.

ಆ ನೋಟ ಕಂಡು ಮಧುಶ್ರೀ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು. ತಾಯಿ ಹಾಸಿಗೆ ಹಿಡಿದಾಗ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ತಾಯಿ ಹೋದ ಮೇಲೂ ಮನೆಯಲ್ಲೇ ಉಳಿದಳು. ಓದಿಸಲಿಲ್ಲವಲ್ಲ ಎಂಬ ಕೊರಗು ಅಪ್ಪನನ್ನು ತಿನ್ನುತ್ತಿದೆಯೆಂದು ಅವಳಿಗೆ ಗೊತ್ತಿತ್ತು.

ಸೋಮವಾರ ಹದಿನಾರು ಎಂಬ ಊರಿನಲ್ಲಿ ಕೆಲಸವಿದೆಯೆಂದು ಅಪ್ಪ ಹೊರಟ. ಕಸ ಗುಡಿಸುತ್ತ ತಲೆಯೆತ್ತಿದರೆ, ರಬ್ಬರ್ ಗ್ಲೌಸು ಮೊಳೆಯಲ್ಲೇ ನೇತಾಡುತ್ತಿತ್ತು. ಅಪ್ಪ ಊಟದ ಡಬ್ಬಿ ಮರೆತದ್ದುಂಟು, ಗ್ಲೌಸನ್ನು ಎಂದೂ ಮರೆತಿರಲಿಲ್ಲ. ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

ಒಬ್ಬಳೇ ಅಂಗಡಿಗೆ ಹೋಗಲೂ ಹಿಂಜರಿಯುವ ಹುಡುಗಿ ಗ್ಲೌಸು ಕೈಯಲ್ಲಿ ಹಿಡಿದು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಪ್ರತಿ ಕಂಬವನ್ನೂ ನೋಡಿದಳು. ಎಲ್ಲಾದರೂ ಜನ ಗುಂಪುಗೂಡಿದ್ದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಹದಿನಾರಿನ ನಾಲೆ ಪಕ್ಕ ಅಪ್ಪ ಕಂಬದ ಮೇಲಿದ್ದ. ಜೊತೆಗಿರಬೇಕಾದ ಕಾಂತರಾಜು ತಂತಿ ತರಲು ಹೋಗಿದ್ದನೋ ಏನೋ, ಸುತ್ತ ಯಾರೂ ಇರಲಿಲ್ಲ. ಅವಳು ಉಸಿರು ಬಿಡುವಷ್ಟರಲ್ಲಿ ಆ ಸದ್ದು ಕೇಳಿತು. ಅದೇ ಕಂಬದಿಂದ ಕರೆಂಟು ಎಳೆದುಕೊಂಡಿದ್ದ ಪಕ್ಕದ ಗದ್ದೆಯ ಮೋಟಾರು ಗುರ್ ಎಂದು ನೀರು ಎತ್ತುತ್ತಿತ್ತು. ಹತ್ತುವ ಮುಂಚೆ ಕರೆಂಟು ಸ್ಟೇಷನ್ನಿಗೆ ಫೋನು ಮಾಡಿ ಲೈನು ಆಫ್ ಮಾಡಿಸಬೇಕು. ಮಾಡಿಸಿರಲಿಲ್ಲ.

ಕೂಗಲು ಬಾಯಿ ತೆರೆದವಳು ತಡೆದಳು. ಕೂಗಿಗೆ ಅಪ್ಪ ಬೆಚ್ಚಿಬಿದ್ದರೆ? ಕಂಬದ ಬುಡಕ್ಕೆ ಬಂದು ಮೆಲ್ಲಗೆ ಅಂದಳು:

“ಅಪ್ಪ, ಮೋಟಾರು ಓಡ್ತಾದೆ.”

ಅವನ ಕೈ ತಂತಿಗೆ ಒಂದು ಮೊಳ ದೂರದಲ್ಲಿತ್ತು. ಹಾಗೇ ನಿಂತಿತು. ಮೋಟಾರು ಓಡುತ್ತಲೇ ಇತ್ತು. ಆಮೇಲೆ ಆ ಕೈ ಹಿಂದಕ್ಕೆ ಬಂತು. ಇಳಿದು ಬಂದ. ನೆಲದ ಮೇಲೆ ಕುಸಿದು ಕೂತ.

“ಮರ್ತೋಯ್ತು ಕಣವ್ವ.”

“ಗ್ಲೌಸೂ ಮರ್ತ್ಯಾ?”

ಅವಳ ಕೈಯಲ್ಲಿದ್ದ ಗ್ಲೌಸನ್ನು ನೋಡಿದ. “ನಾನು ಓಗಿ ನರಸೀಪುರದಲ್ಲಿ ಮಲಗ್ಬುಟ್ರೆ ನಿಂಗೇನೈತವ್ವ?” ಎಂದ.

“ನೀನು ಸತ್ತು ಕೊಡೋ ಕುರ್ಚಿ ಮ್ಯಾಲೆ ನಾನು ಕೂರಕಿಲ್ಲ ಅಪ್ಪ. ಅವ್ರು ಮನೆ ಬಾಗ್ಲಿಗೆ ತಂದ್ರೂ ಕೂರಕಿಲ್ಲ. ಈಗ ಫೋನ್ ಮಾಡು, ನಾನು ಕೇಳ್ಬೇಕು.”

ಅವನು ಸ್ಟೇಷನ್ನಿಗೆ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಮೋಟಾರು ಕೆಮ್ಮಿ ನಿಂತಿತು. ಗ್ಲೌಸು ಹಾಕಿಕೊಂಡು ಮತ್ತೆ ಹತ್ತಿದ.

ರಸ್ತೆಯಲ್ಲಿ ಬಸ್ಸು ಕಾಣಿಸಿತು.

“ನೀನ್ ಓಗವ್ವ, ಬಸ್ ಬತ್ತಾದೆ,” ಎಂದ ಮೇಲಿನಿಂದ.

ಅವಳು ಕೈ ಅಡ್ಡ ಹಿಡಿಯಲಿಲ್ಲ. ಬಸ್ಸು ಹೋಯಿತು.

“ನಾಳೆ ಯಾವೂರಲ್ಲಿ ಕೆಲ್ಸ?”

“ದೇವನೂರು.”

“ಬುತ್ತಿ ತಕ್ಕೊಂಡು ಬತ್ತೀನಿ. ನಾಳಿದ್ದೂ ಬತ್ತೀನಿ,” ಎಂದಳು ಮಧುಶ್ರೀ.